ಆಸ್ಟ್ರೇಲಿಯಾ ಸರ್ಕಾರದ ಗ್ರ್ಯಾಜುಯೇಟ್ ಪ್ರೋಗ್ರಾಂ: ಅರ್ಜಿಯಿಂದ ಭದ್ರತಾ ಪರಿಶೀಲನೆಯವರೆಗೆ ನನ್ನ ಅನುಭವ

ಕರ್ನಾಟಕದಲ್ಲಿ ಓದಿ ಬೆಳೆದವರಿಗೆ ಸರ್ಕಾರಿ ನೌಕರಿ ಎಂದೊಡನೆ ನೆನಪಾಗುವುದು ಪರೀಕ್ಷೆ. ಕೆಪಿಎಸ್‌ಸಿ ಇರಲಿ, ಯುಪಿಎಸ್‌ಸಿ ಇರಲಿ, ಪಠ್ಯಕ್ರಮ ಮೊದಲೇ ಗೊತ್ತಿರುತ್ತದೆ, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಸಿಗುತ್ತವೆ, ಕೊನೆಗೆ ಅಂಕಗಳ ಆಧಾರದ ಮೇಲೆ ಪಟ್ಟಿ ಹೊರಬೀಳುತ್ತದೆ. ಆಸ್ಟ್ರೇಲಿಯಾದ ಫೆಡರಲ್ ಸರ್ಕಾರವು ಪದವೀಧರರನ್ನು ಸೇವೆಗೆ ಸೇರಿಸಿಕೊಳ್ಳುವ ಗ್ರ್ಯಾಜುಯೇಟ್ ಪ್ರೋಗ್ರಾಂಗೆ ಅಂಥ ಪಠ್ಯಕ್ರಮವೇ ಇಲ್ಲ. ಅಭ್ಯರ್ಥಿಗೆ ಏನೇನು ಗೊತ್ತು ಎಂಬುದಕ್ಕಿಂತ, ಒಂದು ಸಂದರ್ಭ ಎದುರಾದಾಗ ಅವರು ಏನು ಮಾಡಿದರು, ಏಕೆ ಹಾಗೆ ಮಾಡಿದರು ಎಂಬುದಕ್ಕೆ ಅಲ್ಲಿ ಹೆಚ್ಚು ಬೆಲೆ. ಸ್ನಾತಕೋತ್ತರ ವ್ಯಾಸಂಗಕ್ಕೆಂದು ಮೆಲ್ಬರ್ನ್‌ಗೆ ಬಂದು, ಮುಂದೆ ಇಲ್ಲಿಯ ಪೌರತ್ವ ಪಡೆದು, ಈ ಕಾರ್ಯಕ್ರಮದ ಮೂಲಕವೇ ಸೇವೆಗೆ ಸೇರಿದ ನನಗೆ ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ಮುಖ್ಯವೆನಿಸಿದ್ದು ಈ ವ್ಯತ್ಯಾಸ. ಅರ್ಜಿ ಹಾಕುವ ಯೋಚನೆಯಲ್ಲಿರುವ ನಮ್ಮವರಿಗೆ ಉಪಯೋಗವಾಗಲೆಂದು ನಾನು ಸಿದ್ಧಪಡಿಸಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ ಪೌರತ್ವದ್ದು. ಆಸ್ಟ್ರೇಲಿಯಾದ 1999ರ ಪಬ್ಲಿಕ್ ಸರ್ವಿಸ್ ಆ್ಯಕ್ಟ್ ಪ್ರಕಾರ, ಇಲಾಖೆಯ ಮುಖ್ಯಸ್ಥರು ವಿಶೇಷವಾಗಿ ಸೂಕ್ತವೆಂದು ಭಾವಿಸಿದ ಹೊರತು, ಆ ದೇಶದ ಪ್ರಜೆಗಳಲ್ಲದವರನ್ನು ಸೇವೆಗೆ ತೆಗೆದುಕೊಳ್ಳುವಂತಿಲ್ಲ. ಗ್ರ್ಯಾಜುಯೇಟ್ ಪ್ರೋಗ್ರಾಂಗಳಲ್ಲಂತೂ ಪೌರತ್ವ ಕಡ್ಡಾಯವೆಂದೇ ತಿಳಿಯಬೇಕು. ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಇಲ್ಲಿ ಕಾಲದ ಲೆಕ್ಕಾಚಾರ ಬಿಗಿಯಾಗುತ್ತದೆ. ಪೌರತ್ವಕ್ಕೆ ನಾಲ್ಕು ವರ್ಷಗಳ ಕಾನೂನುಬದ್ಧ ವಾಸವಾಗಿರಬೇಕು, ಅದರಲ್ಲಿ ಕೊನೆಯ 12 ತಿಂಗಳು ಪಿಆರ್ (ಕಾಯಂ ನಿವಾಸಿ) ಆಗಿ ಕಳೆದಿರಬೇಕು. ಇನ್ನೊಂದು ಕಡೆ, ಪದವಿ ಮುಗಿಸಿ ಇಂತಿಷ್ಟು ವರ್ಷಗಳೊಳಗಿನವರು ಮಾತ್ರ ಅರ್ಜಿ ಹಾಕಬಹುದು ಎಂಬ ಮಿತಿಯನ್ನು ಹಲವು ಇಲಾಖೆಗಳು ಇಟ್ಟಿರುತ್ತವೆ. ಹಾಗಾಗಿ ನಾನು ಪಿಆರ್ ಬಂದ ಕೂಡಲೇ ಎರಡು ದಿನಾಂಕಗಳನ್ನು ಅಕ್ಕಪಕ್ಕ ಬರೆದಿಟ್ಟುಕೊಂಡೆ: ಪೌರತ್ವಕ್ಕೆ ಅರ್ಹತೆ ಬರುವ ದಿನ ಮತ್ತು ಪದವಿಯ ಮಿತಿ ಮುಗಿಯುವ ದಿನ. ಪೌರತ್ವ ಪರೀಕ್ಷೆಯ ಬಗ್ಗೆ ಹೆದರಬೇಕಾಗಿಲ್ಲ. 20 ಪ್ರಶ್ನೆಗಳಲ್ಲಿ ಶೇ. 75 ಸರಿಯಾಗಿರಬೇಕು, ಮೌಲ್ಯಗಳಿಗೆ ಸಂಬಂಧಿಸಿದ ಐದು ಪ್ರಶ್ನೆಗಳಂತೂ ಎಲ್ಲವೂ ಸರಿಯಾಗಿರಬೇಕು. ಆದರೆ ಅರ್ಜಿ ಮಂಜೂರಾದ ಮಾತ್ರಕ್ಕೆ ಪೌರತ್ವ ಬಂದಂತಾಗುವುದಿಲ್ಲ. ಸಮಾರಂಭದಲ್ಲಿ ಪ್ರಮಾಣ ಸ್ವೀಕರಿಸಿದ ದಿನವೇ ಅದು ಬರುವುದು, ಮತ್ತು ಆ ಸಮಾರಂಭಕ್ಕೆ ಕಾಯಬೇಕಾಗುತ್ತದೆ. ನಿಗದಿತ ದಿನದೊಳಗೆ ಪೌರತ್ವ ಪಡೆಯಲಿರುವವರಿಗೂ ಕೆಲವು ಕಾರ್ಯಕ್ರಮಗಳು ಅವಕಾಶ ಕೊಡುತ್ತವಾದ್ದರಿಂದ, ಪ್ರಕಟಣೆಯ ಆ ಸಾಲನ್ನು ಎಚ್ಚರಿಕೆಯಿಂದ ಓದಬೇಕು. ಭಾರತದ ಕಾನೂನಿನಲ್ಲಿ ಎರಡು ದೇಶಗಳ ಪೌರತ್ವಕ್ಕೆ ಅವಕಾಶವಿಲ್ಲ, ಭಾರತೀಯ ಪಾಸ್‌ಪೋರ್ಟ್ ಒಪ್ಪಿಸಬೇಕು. ಅದು ಮನೆಯವರೊಡನೆ ಕೂತು ಮಾತಾಡಿ ತೀರ್ಮಾನಿಸಬೇಕಾದ ವಿಷಯ. ನೌಕರಿಯೊಂದರ ಆಸೆಗಾಗಿ ಅವಸರದಲ್ಲಿ ಮಾಡಬೇಕಾದದ್ದಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಸ್ಟ್ರೇಲಿಯನ್ ಗೌರ್ನಮೆಂಟ್ ಗ್ರ್ಯಾಜುಯೇಟ್ ಪ್ರೋಗ್ರಾಂನಲ್ಲಿ ಒಂದೇ ಅರ್ಜಿಯನ್ನು ಅನೇಕ ಇಲಾಖೆಗಳು ಪರಿಗಣಿಸುತ್ತವೆ. ಜನರಲಿಸ್ಟ್, ಡೇಟಾ, ಡಿಜಿಟಲ್, ಅರ್ಥಶಾಸ್ತ್ರ, ಕಾನೂನು ಎಂಬಂತೆ ವಿಭಾಗಗಳಿದ್ದು, ಅಭ್ಯರ್ಥಿ ತನ್ನ ಓದಿಗೆ ಹೊಂದುವ ವಿಭಾಗವನ್ನು ಆರಿಸಿಕೊಳ್ಳಬೇಕು. ವಿದೇಶಾಂಗ ಮತ್ತು ರಕ್ಷಣಾ ಇಲಾಖೆಗಳಂಥವು ತಮ್ಮದೇ ಪ್ರತ್ಯೇಕ ಕಾರ್ಯಕ್ರಮಗಳನ್ನೂ ನಡೆಸಿವೆ. ವರ್ಷದ ಮೊದಲ ತಿಂಗಳುಗಳಲ್ಲಿ ಅರ್ಜಿ ಕರೆದರೆ ಸಾಮಾನ್ಯವಾಗಿ ಮುಂದಿನ ವರ್ಷದ ಆರಂಭದಲ್ಲಿ ಕೆಲಸ ಶುರುವಾಗುತ್ತದೆ. ಸೇರಿದ ಮೇಲೆ ಕೆಲವು ತಿಂಗಳಿಗೊಮ್ಮೆ ಬೇರೆ ಬೇರೆ ತಂಡಗಳಲ್ಲಿ ಕೆಲಸ ಮಾಡಿಸುತ್ತಾರೆ, ಜೊತೆಗೆ ತರಬೇತಿ ಕೊಡುತ್ತಾರೆ, ಕಾರ್ಯಕ್ರಮ ಮುಗಿದ ನಂತರ ಮೇಲಿನ ದರ್ಜೆಗೆ ಏರಿಸುವುದು ರೂಢಿ. ಹೆಚ್ಚಿನ ಹುದ್ದೆಗಳಿರುವುದು ಕ್ಯಾನ್‌ಬೆರಾದಲ್ಲಿ. ಸಿಡ್ನಿ, ಮೆಲ್ಬರ್ನ್ ಬಿಟ್ಟು ಹೋಗಲಾರದವರು ಇದನ್ನು ಮೊದಲೇ ಯೋಚಿಸಬೇಕು.

ಅರ್ಜಿ ಬರೆಯಲು ಕೂರುವ ಮುನ್ನ ನಾನು ಅದೇ ಪಬ್ಲಿಕ್ ಸರ್ವಿಸ್ ಕಾಯ್ದೆಯಲ್ಲಿ ಮೆರಿಟ್ ಎಂಬುದನ್ನು ವಿವರಿಸುವ ಭಾಗವನ್ನು ಓದಿದೆ. ಅಲ್ಲಿ ಮೆರಿಟ್ ಎಂದರೆ ಅಂಕಪಟ್ಟಿಯಲ್ಲ. ಅಭ್ಯರ್ಥಿಗಳ ಕೆಲಸಕ್ಕೆ ಸಂಬಂಧಿಸಿದ ಗುಣಗಳನ್ನು ಹುದ್ದೆಗೆ ನಿಜವಾಗಿ ಬೇಕಾದ ಗುಣಗಳೊಡನೆ ತಾಳೆ ನೋಡಿ, ಸ್ಪರ್ಧೆಯ ಮೂಲಕ ಒಬ್ಬರನ್ನೊಬ್ಬರೊಡನೆ ಹೋಲಿಸಿ, ಫಲಿತಾಂಶ ತರಬಲ್ಲ ಸಾಮರ್ಥ್ಯವನ್ನು ಅಳೆಯುವುದೇ ಮೆರಿಟ್. ಇದು ಒಣ ಕಾನೂನಿನಂತೆ ಕಂಡರೂ ನನ್ನ ಪಾಲಿಗೆ ಇಡೀ ಅರ್ಜಿಯ ಬೀಗದ ಕೈ ಇದೇ ಆಯಿತು. ನನ್ನನ್ನು ಓದುವವರಿಗೆ ಹೋಲಿಸಲು ಏನಾದರೂ ಬೇಕು. ನಾನು ಶ್ರಮಜೀವಿ, ತಂಡದಲ್ಲಿ ಚೆನ್ನಾಗಿ ಬೆರೆಯುತ್ತೇನೆ ಎಂದು ಬರೆದರೆ ಅದು ಎಲ್ಲರ ಅರ್ಜಿಯಲ್ಲೂ ಇರುತ್ತದೆ, ಹೋಲಿಸಲು ಅದರಲ್ಲಿ ಏನೂ ಸಿಗುವುದಿಲ್ಲ.

ಕೆಲವೇ ನೂರು ಪದಗಳ ಲಿಖಿತ ಹೇಳಿಕೆಯೇ ಈ ಅರ್ಜಿಯ ಜೀವಾಳ. ಅದಕ್ಕೆ ನಾನು ಆರಿಸಿಕೊಂಡದ್ದು ಪ್ರಾಜೆಕ್ಟನ್ನಲ್ಲ, ಪದಕವನ್ನೂ ಅಲ್ಲ. ಓದುವಾಗ ವಾರಾಂತ್ಯದಲ್ಲಿ ಕೆಲಸ ಮಾಡುತ್ತಿದ್ದ ವೃದ್ಧರ ಆರೈಕೆ ಕೇಂದ್ರದ ಒಂದು ಸಣ್ಣ ಸಂಗತಿ. ಭಾನುವಾರ ಸಂಜೆ ಮನೆಯವರು ಫೋನ್ ಮಾಡಿ, ಅಮ್ಮ ಊಟ ಮಾಡಿದರೇ, ಪಾದದ ವೈದ್ಯರು ಬಂದಿದ್ದರೇ, ಕನ್ನಡಕ ಸಿಕ್ಕಿತೇ ಎಂದು ಕೇಳುತ್ತಿದ್ದರು. ಉತ್ತರಗಳು ಬೇರೆ ಬೇರೆ ಪುಸ್ತಕಗಳಲ್ಲಿ ಚದುರಿಹೋಗಿದ್ದವು, ಪಾಳಿ ಬದಲಾದ ಮೇಲೆ ಬಂದವರಿಗೆ ಏನೂ ಗೊತ್ತಿರುತ್ತಿರಲಿಲ್ಲ. ಇದನ್ನು ನಾನು ಎರಡು ರೀತಿಯಲ್ಲಿ ಬರೆದು ಅಕ್ಕಪಕ್ಕ ಇಟ್ಟು ನೋಡಿದೆ. ಮೊದಲನೆಯದರಲ್ಲಿ, ನಮ್ಮ ತಂಡವು ಕುಟುಂಬಗಳೊಂದಿಗಿನ ಸಂವಹನವನ್ನು ಗಣನೀಯವಾಗಿ ಉತ್ತಮಪಡಿಸಿತು ಎಂದಿತ್ತು. ಎರಡನೆಯದರಲ್ಲಿ ನಡೆದದ್ದು ನಡೆದಂತೆ ಇತ್ತು: ಬರುತ್ತಿದ್ದ ಪ್ರಶ್ನೆಗಳನ್ನು ಕೆಲವು ಪಾಳಿಗಳಲ್ಲಿ ಗುರುತು ಹಾಕಿಕೊಂಡೆ, ಮನೆಯವರಿಗೆ ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂದು ಹಿರಿಯ ನರ್ಸ್ ಅವರನ್ನು ಕೇಳಿದೆ, ಪ್ರತಿ ನಿವಾಸಿಗೆ ಒಂದು ಪುಟದಂತೆ ಹಾಳೆ ತಯಾರಿಸಿದೆ, ಔಷಧಿಯ ಕಾಲಂ ಖಾಸಗಿತನಕ್ಕೆ ಧಕ್ಕೆ ತರುತ್ತದೆಂದು ಅವರು ಆಕ್ಷೇಪಿಸಿದಾಗ ಅದನ್ನು ತೆಗೆದುಹಾಕಿದೆ, ಒಂದೇ ವಿಭಾಗದಲ್ಲಿ ಪ್ರಯೋಗ ಮಾಡಿ ನೋಡಿದ ಮೇಲೆ ಉಳಿದ ವಿಭಾಗಗಳವರೂ ಅದನ್ನು ಬಳಸತೊಡಗಿದರು.

ಎರಡನೆಯ ಬರಹದಲ್ಲಿ ಗಮನಿಸಿದ್ದು, ವಿಚಾರಿಸಿದ್ದು, ಆಕ್ಷೇಪಕ್ಕೆ ಕಿವಿಗೊಟ್ಟದ್ದು, ಪ್ರಯೋಗಿಸಿದ್ದು ಎಲ್ಲವೂ ಬೇರೆ ಬೇರೆಯಾಗಿ ಕಾಣುತ್ತವೆ. ಪ್ರತಿಯೊಂದಕ್ಕೂ ಅಂಕ ಕೊಡಬಹುದು, ಪ್ರತಿಯೊಂದರ ಬಗ್ಗೆಯೂ ಸಂದರ್ಶನದಲ್ಲಿ ಕೆದಕಿ ಕೇಳಬಹುದು, ನಮ್ಮ ಕೆಲಸವನ್ನು ಬಲ್ಲ ರೆಫರಿಯನ್ನೂ ವಿಚಾರಿಸಬಹುದು. ಇಲ್ಲಿ ಎಲ್ಲರೂ ಹೇಳಿಕೊಡುವ ಸ್ಟಾರ್ ವಿಧಾನ, ಅಂದರೆ ಸಂದರ್ಭ, ಹೊಣೆ, ಕ್ರಿಯೆ, ಫಲ ಎಂಬ ಕ್ರಮ, ಉಪಯುಕ್ತವಾದದ್ದೇ; ಆದರೆ ಬಹಳ ಮಂದಿ ಸಂದರ್ಭವನ್ನು ವಿವರಿಸುವುದರಲ್ಲೇ ಅರ್ಧ ಜಾಗ ಕಳೆಯುತ್ತಾರೆ. ಸಂದರ್ಭಕ್ಕೆ ಎರಡು ವಾಕ್ಯ ಸಾಕು, ಕ್ರಿಯೆಗೆ ಧಾರಾಳವಾಗಿ ಜಾಗ ಕೊಡಬೇಕು. ನಮ್ಮ ಮನೆಗಳಲ್ಲಿ ಮಾಡಿದ್ದನ್ನು ತಾನೇ ಹೇಳಿಕೊಳ್ಳಬಾರದು ಎಂದು ಕಲಿಸಿ ಬೆಳೆಸಿರುತ್ತಾರೆ, ಅದು ಒಳ್ಳೆಯ ಸಂಸ್ಕಾರವೇ. ಆದರೆ ಈ ಹೇಳಿಕೆಯಲ್ಲಿ ನಾವು ಕೇಳುತ್ತಿರುವುದು ಹೊಗಳಿಕೆಯಲ್ಲ, ಒದಗಿಸುತ್ತಿರುವುದು ಸಾಕ್ಷ್ಯ ಎಂದು ತಿಳಿದುಕೊಂಡರೆ ಬರೆಯಲು ಸಂಕೋಚವಾಗುವುದಿಲ್ಲ. ಮಾಡಿದ್ದಕ್ಕಿಂತ ಒಂದಕ್ಷರ ಹೆಚ್ಚು ಬರೆಯಬಾರದು, ಒಂದಕ್ಷರ ಕಡಿಮೆಯನ್ನೂ ಬರೆಯಬಾರದು.

ಆನ್‌ಲೈನ್ ಪರೀಕ್ಷೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ತರ್ಕ ಮತ್ತು ಅಂಕಿಸಂಖ್ಯೆಯ ಪ್ರಶ್ನೆಗಳಿಗೆ ಸಮಯ ಹಿಡಿದು ಅಭ್ಯಾಸ ಮಾಡಿದರೆ ಸಾಕು. ಕಚೇರಿಯ ಸನ್ನಿವೇಶ ಕೊಟ್ಟು ಯಾವ ನಡೆ ಸೂಕ್ತ, ಯಾವುದು ಅಲ್ಲ ಎಂದು ಕೇಳುವ ಪ್ರಶ್ನೆಗಳಿಗೆ ಮಾತ್ರ ಸೇವೆಯ ಮೌಲ್ಯಗಳನ್ನು ಮನನ ಮಾಡಿಕೊಂಡಿರಬೇಕು. ಯಾರೂ ಎದುರಿಗಿಲ್ಲದೆ ಕ್ಯಾಮೆರಾಗೆ ಉತ್ತರಿಸುವ ವಿಡಿಯೊ ಸಂದರ್ಶನಕ್ಕೆ ಗೆಳತಿಯೊಬ್ಬಳನ್ನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಮಾತಾಡಿ ಅಭ್ಯಾಸ ಮಾಡಿದ್ದು ನನಗೆ ಬಹಳ ನೆರವಾಯಿತು.

ಅಸೆಸ್‌ಮೆಂಟ್ ಸೆಂಟರ್ ಎಂಬ ಹಂತದಲ್ಲಿ ಗುಂಪು ಚರ್ಚೆ, ಲಿಖಿತ ಅಭ್ಯಾಸ ಮತ್ತು ಸಮಿತಿಯ ಸಂದರ್ಶನ ಇರುವುದು ವಾಡಿಕೆ. ಗುಂಪಿನಲ್ಲಿ ಹೆಚ್ಚು ಮಾತಾಡಿದವರಿಗೆ ಹೆಚ್ಚು ಅಂಕ ಎಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ, ಆದರೆ ನೋಡುವವರು ಹುಡುಕುವುದು ಬೇರೆ. ಸುಮ್ಮನಿದ್ದವರನ್ನು ಮಾತಿಗೆ ಎಳೆದವರು ಯಾರು, ಮಾಹಿತಿ ಬದಲಾದಾಗ ನಿಲುವನ್ನು ಬದಲಿಸಿಕೊಂಡವರು ಯಾರು, ಸಮಯ ಮುಗಿಯುವ ಮುನ್ನ ತೀರ್ಮಾನಕ್ಕೆ ತಂದವರು ಯಾರು ಎಂಬುದನ್ನು ಅವರು ಬರೆದುಕೊಳ್ಳುತ್ತಾರೆ. ಲಿಖಿತ ಅಭ್ಯಾಸದಲ್ಲಿ ಹಲವು ಕಾಗದಪತ್ರಗಳನ್ನು ಕೊಟ್ಟು ಹಿರಿಯ ಅಧಿಕಾರಿಗೆ ಒಂದು ಟಿಪ್ಪಣಿ ಬರೆಯಲು ಹೇಳಿದರೆ, ಶಿಫಾರಸು ಮೊದಲ ಸಾಲಿನಲ್ಲೇ ಇರಬೇಕು. ಹಿನ್ನೆಲೆ, ಪೀಠಿಕೆ, ವಿವರಣೆ ಎಂದು ಮೆಟ್ಟಿಲು ಹತ್ತಿ ಕೊನೆಗೆ ಅಭಿಪ್ರಾಯ ಹೇಳುವ ನಮ್ಮ ಪ್ರಬಂಧದ ಕ್ರಮ ಇಲ್ಲಿ ನಡೆಯುವುದಿಲ್ಲ. ಏನು ಮಾಡಬೇಕು, ಏಕೆ, ಅದರಿಂದ ಯಾರಿಗೆ ತೊಂದರೆಯಾಗಬಹುದು, ಯಾರನ್ನು ಕೇಳಬೇಕು ಎಂಬ ಕ್ರಮದಲ್ಲಿ ಬರೆಯುವುದನ್ನು ನಾನು ಪತ್ರಿಕೆಯ ವರದಿಗಳನ್ನಿಟ್ಟುಕೊಂಡು ರೂಢಿಸಿಕೊಂಡೆ.

ಸಂದರ್ಶನದ ಸಿದ್ಧತೆಗೆ ನಾನು ಮೌಲ್ಯಗಳನ್ನು ಬಾಯಿಪಾಠ ಮಾಡುವ ಬದಲು ಒಂದು ವರದಿಯನ್ನು ಓದಿದೆ. ಕಾಯ್ದೆಯಲ್ಲಿ ಹೇಳಿರುವ ಮೌಲ್ಯಗಳು ನಿಷ್ಪಕ್ಷಪಾತ, ಸೇವಾಬದ್ಧತೆ, ಉತ್ತರದಾಯಿತ್ವ, ಗೌರವ, ನೈತಿಕತೆ. 2024ರ ತಿದ್ದುಪಡಿಯಿಂದ ಸಾರ್ವಜನಿಕ ಹಿತವನ್ನು ದೀರ್ಘಕಾಲ ಕಾಪಾಡುವ ಹೊಣೆಗಾರಿಕೆಯೂ ಸೇರಿತು. ನಿಷ್ಪಕ್ಷಪಾತವೆಂದರೆ ಪಕ್ಷ ರಾಜಕೀಯದಿಂದ ದೂರವಿದ್ದು, ಲಭ್ಯವಿರುವ ಅತ್ಯುತ್ತಮ ಸಾಕ್ಷ್ಯದ ಆಧಾರದ ಮೇಲೆ ಸರ್ಕಾರಕ್ಕೆ ನೇರವಾದ, ಪ್ರಾಮಾಣಿಕವಾದ, ಸಕಾಲಿಕವಾದ ಸಲಹೆ ಕೊಡುವುದು. ಹಾಗೆ ಸಲಹೆ ಕೊಡದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ರೋಬೊಡೆಟ್ ಪ್ರಕರಣ ಸಾಕ್ಷಿ. ತೆರಿಗೆ ದಾಖಲೆಯಲ್ಲಿದ್ದ ವಾರ್ಷಿಕ ಆದಾಯವನ್ನು ಎರಡೆರಡು ವಾರಗಳ 26 ಅವಧಿಗಳಿಗೆ ಸಮನಾಗಿ ಹಂಚಿ, ಪ್ರತಿ ಎರಡು ವಾರಕ್ಕೂ ಅಷ್ಟೇ ಆದಾಯವಿತ್ತೆಂದು ಊಹಿಸಿ, ಸರ್ಕಾರದ ನೆರವು ಪಡೆದವರ ಮೇಲೆ ಇಲ್ಲದ ಸಾಲವನ್ನು ಹೊರಿಸಲಾಯಿತು. ವರ್ಷದಲ್ಲಿ ಕೆಲವು ತಿಂಗಳು ದುಡಿದು ಕೆಲವು ತಿಂಗಳು ಕೆಲಸವಿಲ್ಲದೆ ಇದ್ದವರಿಗೆ ಈ ಲೆಕ್ಕ ಹೊಂದುವುದೇ ಇಲ್ಲ. ಇದು ಕಾನೂನಿಗೆ ವಿರುದ್ಧವಾಗಬಹುದೆಂಬ ಎಚ್ಚರಿಕೆ 2014ರಲ್ಲೇ ಇಲಾಖೆಯೊಳಗಿನ ಕಾನೂನು ಸಲಹೆಯಲ್ಲಿತ್ತು. 2023ರ ಜುಲೈಯಲ್ಲಿ ಕ್ಯಾಥರಿನ್ ಹೋಮ್ಸ್ ಅವರು ಸಲ್ಲಿಸಿದ ರಾಯಲ್ ಕಮಿಷನ್ (ಉನ್ನತ ಮಟ್ಟದ ಸಾರ್ವಜನಿಕ ತನಿಖಾ ಆಯೋಗ) ವರದಿ ಈ ಯೋಜನೆ ನ್ಯಾಯಯುತವೂ ಅಲ್ಲ, ಕಾನೂನುಬದ್ಧವೂ ಅಲ್ಲ ಎಂದಿತು. ನೋಟಿಸು ಬಂದಾಗ ಜನ ಅನುಭವಿಸಿದ ಕಷ್ಟವನ್ನು ಆ ವರದಿಯಲ್ಲಿ ಓದಿದ ಮೇಲೆ, ಸಚಿವರು ಬಯಸುವ ದಾರಿ ಒಂದು, ಸಾಕ್ಷ್ಯ ತೋರಿಸುವ ದಾರಿ ಇನ್ನೊಂದಾದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕಬೇಕಾಗಲಿಲ್ಲ. ಸಲಹೆಯನ್ನು ಲಿಖಿತವಾಗಿ, ಸಮಯಕ್ಕೆ ಸರಿಯಾಗಿ, ಮೇಲಧಿಕಾರಿಗಳ ಮೂಲಕ ಕೊಡಬೇಕು. ಕಾನೂನುಬದ್ಧವಾದ ತೀರ್ಮಾನವನ್ನು ತನ್ನ ಅಭಿಪ್ರಾಯ ಬೇರೆಯಾಗಿದ್ದರೂ ನಿಷ್ಠೆಯಿಂದ ಜಾರಿಗೊಳಿಸಬೇಕು. ಕಾನೂನುಬಾಹಿರವೆಂದು ಅನ್ನಿಸಿದರೆ ಸುಮ್ಮನಿರಬಾರದು.

ಇಲಾಖೆಗಳ ಆದ್ಯತೆ ಕೇಳಿದಾಗ ಹೆಸರು ನೋಡಿ ಆರಿಸಬಾರದು. ಪ್ರತಿ ಇಲಾಖೆಯೂ ಪ್ರಕಟಿಸುವ ಕಾರ್ಪೊರೇಟ್ ಪ್ಲಾನ್‌ನಲ್ಲಿ ಅದು ಯಾವುದನ್ನು ಸಾಧನೆಯೆಂದು ಅಳೆಯುತ್ತದೆ ಎಂಬ ಭಾಗವಿರುತ್ತದೆ. ನಾನು ಅದನ್ನೇ ಓದಿ ತೀರ್ಮಾನಿಸಿದೆ. ಡೇಟಾ ಓದಿದವರಿಗೆ ಅಂಕಿಅಂಶ ಬ್ಯೂರೊ, ಹವಾಮಾನ ಬ್ಯೂರೊದಂಥ ಸಂಸ್ಥೆಗಳಲ್ಲಿ ಆಳವಾದ ಕೆಲಸ ಸಿಗುತ್ತದೆ, ಆದರೂ ದೊಡ್ಡ ಇಲಾಖೆಗಳ ಮುಂದೆ ಅವು ಅನೇಕರ ಕಣ್ಣಿಗೆ ಬೀಳುವುದಿಲ್ಲ. ಎಲ್ಲ ಹಂತ ದಾಟಿದ ಮೇಲೂ ಕೂಡಲೇ ನೇಮಕಾತಿ ಪತ್ರ ಬರುತ್ತದೆ ಎನ್ನುವಂತಿಲ್ಲ. ಸೂಕ್ತರೆಂದು ಕಂಡವರನ್ನು ಮೆರಿಟ್ ಪಟ್ಟಿಯಲ್ಲಿಟ್ಟು, ಅಲ್ಲಿಂದ ಇಲಾಖೆಗಳು ಆರಿಸಿಕೊಳ್ಳುತ್ತವೆ. ಆ ಕಾಯುವ ದಿನಗಳಲ್ಲಿ ಬೇರೆ ಅರ್ಜಿಗಳನ್ನು ನಿಲ್ಲಿಸದಿರುವುದೇ ಲೇಸು.

ಕೊನೆಯದು ಭದ್ರತಾ ಪರಿಶೀಲನೆ. ವಲಸೆ ಬಂದವರು ಇದಕ್ಕೆ ಮೊದಲಿನಿಂದಲೇ ತಯಾರಾಗಬೇಕು. ಇದಕ್ಕೆ ನಾವಾಗಿಯೇ ಅರ್ಜಿ ಹಾಕಲು ಬರುವುದಿಲ್ಲ. ಕೆಲಸ ಕೊಡುವ ಇಲಾಖೆಯೇ ಪ್ರಾಯೋಜಿಸಬೇಕು. ಹೆಚ್ಚಿನ ಪರಿಶೀಲನೆಗಳನ್ನು ನಡೆಸುವುದು ರಕ್ಷಣಾ ಇಲಾಖೆಯ ಅಡಿಯಲ್ಲಿರುವ ಎಜಿಎಸ್‌ವಿಎ ಸಂಸ್ಥೆ. ಬೇಸ್‌ಲೈನ್ ಎಂಬ ಮೊದಲ ಹಂತಕ್ಕೆ ಐದು ವರ್ಷಗಳ, ಅದರ ಮೇಲಿನ ನೆಗೆಟಿವ್ ವೆಟಿಂಗ್ 1 ಎಂಬ ಹಂತಕ್ಕೆ ಹತ್ತು ವರ್ಷಗಳ ಹಿನ್ನೆಲೆಯನ್ನು ಪರಿಶೀಲಿಸಬಲ್ಲಂತೆ ಒದಗಿಸಬೇಕಾಗುತ್ತದೆ. ಹತ್ತು ವರ್ಷವೆಂದರೆ ನಮ್ಮಲ್ಲಿ ಹಲವರಿಗೆ ಊರಿನ ಹಾಸ್ಟೆಲು, ಪಿಜಿ, ಬಾಡಿಗೆ ಮನೆಗಳೆಲ್ಲ ಸೇರಿಕೊಳ್ಳುತ್ತವೆ. ಪ್ರತಿ ವಿಳಾಸಕ್ಕೂ ಸೇರಿದ ಮತ್ತು ಬಿಟ್ಟ ತಿಂಗಳು ಬೇಕು, ಆಗ ನಮ್ಮನ್ನು ಬಲ್ಲವರು ಬೇಕು. ನಾನು ಹಳೆಯ ಪಾಸ್‌ಪೋರ್ಟಿನ ಮುದ್ರೆಗಳು, ಬಾಡಿಗೆ ಕರಾರುಗಳು, ಕಾಲೇಜಿನ ರಸೀದಿಗಳು, ಇಮೇಲ್‌ನಲ್ಲಿದ್ದ ವಿಮಾನ ಟಿಕೆಟ್‌ಗಳನ್ನು ಒಟ್ಟುಗೂಡಿಸಿ, ಅಪ್ಪನ ಹಳೆಯ ಡೈರಿಯ ನೆರವಿನಿಂದ ಒಂದು ಕಾಲಾನುಕ್ರಮದ ಪಟ್ಟಿ ಮಾಡಿಟ್ಟುಕೊಂಡಿದ್ದೆ. ಭಾರತೀಯ ಪಾಸ್‌ಪೋರ್ಟನ್ನು ಒಪ್ಪಿಸುವ ಮುನ್ನ ಅದರ ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿಟ್ಟುಕೊಂಡದ್ದು ಆಗ ಕೈಹಿಡಿಯಿತು.

ಊರಿಗೆ ಕಳಿಸುವ ಹಣ, ತಂದೆತಾಯಿಯೊಡನೆ ಇರುವ ಜಂಟಿ ಖಾತೆ, ಹೆಸರಿಗೆ ಬಂದ ಜಮೀನಿನ ಪಾಲು, ಹೊರದೇಶದಲ್ಲಿರುವ ಬಂಧುಗಳು, ಇವೆಲ್ಲವನ್ನೂ ಕೇಳಿದಲ್ಲಿ ಕೇಳಿದಂತೆ ಬರೆಯಬೇಕು. ಇವು ಇರುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ಪರಿಶೀಲನೆ ಮುಗಿಯಲು ತಿಂಗಳುಗಳೇ ಹಿಡಿಯಬಹುದು, ಅಲ್ಲಿಯವರೆಗೆ ಈಗಿರುವ ಕೆಲಸಕ್ಕೆ ರಾಜೀನಾಮೆ ಕೊಡಬಾರದು. ಕ್ಲಿಯರೆನ್ಸ್ ಸಿಕ್ಕ ನಂತರವೂ ಮದುವೆ, ವಿಳಾಸ ಬದಲಾವಣೆ, ವಿದೇಶ ಪ್ರಯಾಣದಂಥ ವಿಷಯಗಳನ್ನು ತಿಳಿಸುತ್ತಲೇ ಇರಬೇಕಾಗುತ್ತದೆ. ಆದ್ದರಿಂದ ಆ ಕಾಲಾನುಕ್ರಮದ ಪಟ್ಟಿಯನ್ನು ನಾನು ಇಂದಿಗೂ ತಿದ್ದಿ ಬೆಳೆಸುತ್ತಾ ಬಂದಿದ್ದೇನೆ.