ಸೆಕೆಂಡ್ ಹ್ಯಾಂಡ್ ಕಾರು: ಬಾಯಿಮಾತಿನ ಗ್ಯಾರಂಟಿಯನ್ನು ಕಾಗದಕ್ಕೆ ಇಳಿಸುವುದು ಹೇಗೆ?

"ಗಾಡಿ ಒಂದ್ ನಂಬರ್ ಐತ್ರಿ, ಇಂಜಿನ್ ಗ್ಯಾರಂಟಿ ನಂದು." ಬೆಳಗಾವಿಯಲ್ಲಿ ಹಳೇ ಕಾರು ನೋಡಲು ಹೋದ ಯಾರಿಗೂ ಈ ಮಾತು ಹೊಸದಲ್ಲ. ಮೂರು ವಾರ ಬಿಟ್ಟು ಗೇರ್ ಬಾಕ್ಸ್ ಸದ್ದು ಮಾಡಲು ಶುರು ಮಾಡಿದಾಗ ಅದೇ ಮನುಷ್ಯ, "ಹಳೇ ಗಾಡಿ ಅಂದಮ್ಯಾಲ ಇಷ್ಟು ಇರೂದ ರೀ" ಎನ್ನುತ್ತಾನೆ. ಆಗ ನಮ್ಮ ಕೈಯಲ್ಲಿ ಏನಿರುತ್ತದೆ? ಹೆಚ್ಚಿನವರ ಹತ್ತಿರ ಆರ್‌ಸಿ ಕಾರ್ಡು ಬಿಟ್ಟರೆ ಬೇರೇನೂ ಇರುವುದಿಲ್ಲ. ಕಾರು ನೋಡಲು ಮೆಕ್ಯಾನಿಕ್, ಮಾವ, ಗೆಳೆಯರು ಎಲ್ಲ ಬರುತ್ತಾರೆ. ಕಾಗದ ಓದಲು ಮಾತ್ರ ಯಾರೂ ಬರುವುದಿಲ್ಲ. ಹಾಗಾಗಿ ಇಲ್ಲಿ ಇಂಜಿನ್ ವಿಷಯ ಕಡಿಮೆ, ಕಾಗದದ ವಿಷಯ ಜಾಸ್ತಿ.

1. ಮೊದಲು ಗಾಡಿ ನಂಬರ್ ಹಾಕಿ ನೋಡಿ

ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಎಷ್ಟನೇ ಮಾಲೀಕರು, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ, ಆರ್‌ಸಿ ಅವಧಿ ಎಷ್ಟಿದೆ ಎಂಬುದು ಗೊತ್ತಾಗುತ್ತದೆ. ಸಾಲ ಬಾಕಿ ಇದೆಯಾ ಎಂಬುದನ್ನು ಆರ್‌ಸಿಯಲ್ಲೇ ನೋಡಿ. ಇದ್ದರೆ ಬ್ಯಾಂಕಿನ ಎನ್‌ಒಸಿ (ಸಾಲ ತೀರಿದೆ, ತಕರಾರಿಲ್ಲ ಎಂಬ ಪತ್ರ) ಮತ್ತು ಆರ್‌ಸಿಯಿಂದ ಸಾಲದ ಹೆಸರು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಚಲನ್ ಬಾಕಿ ಬೇರೆ ನೋಡಿಕೊಳ್ಳಿ.

2. ಮಾರುತ್ತಿರುವವರು ಯಾರು? ಎಡವುವುದೇ ಇಲ್ಲಿ

ಗ್ರಾಹಕ ಸಂರಕ್ಷಣಾ ಕಾಯ್ದೆ 2019 ನಿಮ್ಮ ಬೆನ್ನಿಗೆ ನಿಲ್ಲುವುದು ನೀವು ವ್ಯಾಪಾರಿಯಿಂದ ಕೊಂಡಾಗ. ವ್ಯಾಪಾರಿಯಲ್ಲದ ಯಾರೋ ಒಬ್ಬರು ತಮ್ಮ ಸ್ವಂತ ಕಾರನ್ನು ಮಾರಿದರೆ ಅದು ವ್ಯಾಪಾರ ಅಲ್ಲ, ಗ್ರಾಹಕ ಆಯೋಗದಲ್ಲಿ ಆ ದೂರು ನಿಲ್ಲುವುದಿಲ್ಲ. ಅವರು ಬೇಕಂತಲೇ ಸುಳ್ಳು ಹೇಳಿ ಮಾರಿದ್ದರೆ ಕರಾರು ಕಾಯ್ದೆ ಹಿಡಿದು ಸಿವಿಲ್ ಕೋರ್ಟಿಗೆ ಹೋಗಬೇಕು, ಅದು ಉದ್ದದ ದಾರಿ.

ಈಗ ಆಟ ನೋಡಿ. ಡೀಲರ್ ಮೂಲ ಮಾಲೀಕರಿಂದ ಹೆಸರು ಬದಲಾವಣೆಯ ಅರ್ಜಿಗಳಾದ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು, ಕೊಳ್ಳುವವರ ಹೆಸರಿನ ಜಾಗ ಖಾಲಿ ಬಿಟ್ಟು, ಕಾರನ್ನು ತನ್ನ ಅಂಗಳದಲ್ಲಿ ನಿಲ್ಲಿಸಿಕೊಂಡಿರುತ್ತಾನೆ. ನೀವು ಹೋಗಿ ನಗದು ಕೊಡುತ್ತೀರಿ. ಖಾಲಿ ಜಾಗದಲ್ಲಿ ನಿಮ್ಮ ಹೆಸರು ಬೀಳುತ್ತದೆ. ಕಾಗದದ ಪ್ರಕಾರ ನೀವು ಕಾರು ಕೊಂಡಿದ್ದು ಗೋಕಾಕದಲ್ಲೋ ಬೈಲಹೊಂಗಲದಲ್ಲೋ ಇರುವ, ನೀವು ಮುಖವನ್ನೇ ನೋಡದ ಒಬ್ಬರಿಂದ! ನಾಳೆ ಜಗಳ ಆದರೆ ಡೀಲರ್, "ನಾ ಬರೇ ನಡುವಿನವ ರೀ" ಎಂದು ಕೈ ತೊಳೆದುಕೊಳ್ಳುತ್ತಾನೆ. ಕಾಗದದಲ್ಲಿ ಅವನ ಹೆಸರೇ ಇಲ್ಲ, ನಗದಿಗೆ ರಸೀದಿಯೂ ಇಲ್ಲ.

ಇದಕ್ಕೆ ಮದ್ದು ಇದೆ. ಹಳೇ ವಾಹನ ಮಾರುವ ಡೀಲರ್‌ಗಳು ಆರ್‌ಟಿಒದಿಂದ ಅಧಿಕೃತ ಪತ್ರ ಪಡೆಯಬೇಕು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆ ಪತ್ರ ಫಾರಂ 29ಬಿ. ಮಾಲೀಕರು ಕಾರನ್ನು ಡೀಲರ್‌ಗೆ ಒಪ್ಪಿಸಿದ್ದನ್ನು ಫಾರಂ 29ಸಿಯಲ್ಲಿ ಆರ್‌ಟಿಒಗೆ ತಿಳಿಸಬೇಕು. ಹಾಗೆ ತಿಳಿಸಿದ ಮೇಲೆ ಆ ಕಾರಿನ ಹೊಣೆ ಡೀಲರ್‌ನದು. ಅಂಗಡಿಗೆ ಹೋದ ಕೂಡಲೇ "29ಬಿ ತೋರಿಸ್ರಿ" ಎಂದು ಕೇಳಿ. ಮುಖ ನೋಡಿಯೇ ಅರ್ಧ ಉತ್ತರ ಸಿಗುತ್ತದೆ. ಇಲ್ಲ ಎಂದರೆ ಏನು ಮಾಡಬೇಕು? ನನ್ನನ್ನು ಕೇಳಿದರೆ ಬೇರೆ ಅಂಗಡಿ ನೋಡಿ. ಅದೇ ಕಾರು ಬೇಕೇ ಬೇಕು ಅನ್ನುವವರು ಮೂರು ಕೆಲಸ ಮಾಡಿ: ಹಣವನ್ನು ಅಂಗಡಿ ಹೆಸರಿನ ಖಾತೆಗೆ ಬ್ಯಾಂಕ್ ಮೂಲಕವೇ ಹಾಕಿ, ಅಂಗಡಿ ಹೆಸರಿನ ಬಿಲ್ ತೊಗೊಳ್ಳಿ, ವಾಟ್ಸಾಪ್‌ನಲ್ಲಿ ಬಂದ ಫೋಟೊ, ಜಾಹೀರಾತು, ವಾಯ್ಸ್ ಮೆಸೇಜ್ ಯಾವುದನ್ನೂ ಅಳಿಸಬೇಡಿ.

ಬಿಲ್ ಕೇಳಿದಾಗ ಒಂದು ಹೆದರಿಕೆ ಬರುತ್ತದೆ. "ಬಿಲ್ ಬೇಕಂದ್ರ ಜಿಎಸ್‌ಟಿ 18 ಪರ್ಸೆಂಟ್ ಜಾಸ್ತಿ ಆಕ್ಕೇತಿ." ಸುಮ್ನೆ ಹೆದರಬೇಡಿ. ಹಳೇ ಕಾರಿಗೆ ಸಾಮಾನ್ಯವಾಗಿ ಈ 18 ಪರ್ಸೆಂಟ್ ಬೀಳುವುದು ಪೂರ್ತಿ ಬೆಲೆಯ ಮೇಲಲ್ಲ, ಡೀಲರ್‌ನ ಲಾಭದ ಮೇಲೆ ಮಾತ್ರ. ಮೂರು ಲಕ್ಷಕ್ಕೆ ಕೊಂಡು 3.40ಕ್ಕೆ ಮಾರಿದರೆ ತೆರಿಗೆ 40 ಸಾವಿರದ ಮೇಲೆ, ಅಂದರೆ 7,200 ರೂಪಾಯಿ. ಬಿಲ್ ಕೊಡದೇ ಇರುವುದೇ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(47)ರ ಪ್ರಕಾರ ಅನುಚಿತ ವ್ಯಾಪಾರ.

3. ಕಾರು ನೋಡುವುದು

ಇದನ್ನು ನಿಮ್ಮ ಮೆಕ್ಯಾನಿಕ್‌ಗೆ ಬಿಡಿ, ಡೀಲರ್‌ನ ಮೆಕ್ಯಾನಿಕ್‌ಗಲ್ಲ. ನಮ್ಮ ಕಡೆಗೆ ಮಾತ್ರ ಅನ್ವಯಿಸುವ ಒಂದು ಮಾತಿದೆ. 2019ರ ಪ್ರವಾಹದಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಊರುಗಳು ಮುಳುಗಿದ್ದವು, ಕೊಲ್ಹಾಪುರ-ಸಾಂಗಲಿ ಕಡೆ 2021ರಲ್ಲೂ ನೀರು ಬಂತು. ಅಂಥ ಕಡೆಯಿಂದ ಬಂದ ಕಾರಾದರೆ ಸೀಟ್ ಬೆಲ್ಟ್ ಪೂರ್ತಿ ಹೊರಗೆಳೆದು ಕೆಸರಿನ ಗೆರೆ ಇದೆಯಾ ನೋಡಿ, ಸೀಟಿನ ಕೆಳಗಿನ ಬೋಲ್ಟ್‌ಗೆ ತುಕ್ಕು ಹಿಡಿದಿದೆಯಾ ನೋಡಿ. ಕಿಲೋಮೀಟರ್ ನಂಬಬೇಡಿ, ಕಂಪನಿ ಸರ್ವಿಸ್ ಸೆಂಟರ್‌ನ ಸರ್ವಿಸ್ ಹಿಸ್ಟರಿ ಕೇಳಿ. ಹೊಗೆ ಮುಚ್ಚಲು ಇಂಜಿನ್‌ಗೆ ದಪ್ಪ ಆಯಿಲ್, ಅದೂ ಇದೂ ಡಬ್ಬಿ ಸುರಿದಿರುತ್ತಾರೆ. ಇಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ.

4. ವಾರಂಟಿ ಮೂರು ತರಹ

ಕಂಪನಿ ವಾರಂಟಿ ಉಳಿದಿದ್ದರೆ ಅದು ಸಾಮಾನ್ಯವಾಗಿ ಕಾರಿನ ಜೊತೆಗೇ ಬರುತ್ತದೆ, ಆದರೆ ಸರ್ವಿಸ್ ಹೊತ್ತಿಗೆ ಸರಿಯಾಗಿ ಆಗಿರಬೇಕು. ಉದಾಹರಣೆಗೆ ಮಾರುತಿ 2024ರ ಜುಲೈನಿಂದ ಹೊಸ ಕಾರುಗಳಿಗೆ ಮೂರು ವರ್ಷ ಅಥವಾ ಒಂದು ಲಕ್ಷ ಕಿ.ಮೀ. ಕೊಡುತ್ತಿದೆ, ಅದಕ್ಕೂ ಮೊದಲು ಎರಡು ವರ್ಷ, 40 ಸಾವಿರ ಕಿ.ಮೀ. ಇತ್ತು. ಎಕ್ಸ್‌ಟೆಂಡೆಡ್ ವಾರಂಟಿ ಇದ್ದರೆ ಅದನ್ನು ನಿಮ್ಮ ಹೆಸರಿಗೆ ಹೇಗೆ ಮಾಡಿಸಬೇಕು ಎಂದು ಕೊಳ್ಳುವ ಮೊದಲೇ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ಹೊರಗೆ ಹಾಕಿಸಿದ ಸಿಎನ್‌ಜಿ ಕಿಟ್ ಇದ್ದರೆ ಅದನ್ನೂ ಕೇಳಿ, ಅಲ್ಲೇ ತಕರಾರು ಬರುವುದು.

ಎರಡನೆಯದು ಕಂಪನಿಗಳದೇ ಹಳೇ ಕಾರಿನ ಮಳಿಗೆಯ ವಾರಂಟಿ. ಬೆಲೆ ಜಾಸ್ತಿ, ಆದರೆ ಕಾಗದ ಕರೆಕ್ಟ್ ಇರುತ್ತದೆ. ಮೊದಲ ಸಲ ಕಾರು ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ.

ಮೂರನೆಯದು ಡೀಲರ್ ಕೊಡುವ ಹೊಳೆಯುವ ವಾರಂಟಿ ಕಾರ್ಡು. ಇದಕ್ಕೆ ಪ್ರತ್ಯೇಕ ಹಣ ಕೇಳಿದರೆ ಕೊಡಬೇಡಿ. ಹಿಂದೆ ಸಣ್ಣ ಅಕ್ಷರದಲ್ಲಿ ಕ್ಲಚ್ ಇಲ್ಲ, ಸಸ್ಪೆನ್ಷನ್ ಇಲ್ಲ, ಎಸಿ ಇಲ್ಲ, ಎಲೆಕ್ಟ್ರಿಕಲ್ ಇಲ್ಲ ಎಂದು ಬರೆದಿರುತ್ತಾರೆ. ಉಳಿದಿದ್ದು ಸ್ಟೀರಿಂಗ್ ಮೇಲಿನ ಲೋಗೋ ಒಂದೇ.

5. ಬರೆಸಿಕೊಳ್ಳುವುದು

ಬಿಲ್ಲಿನ ಮೇಲೋ ಬಾಂಡ್ ಪೇಪರ್ ಮೇಲೋ ಈ ಮಾತುಗಳು ಇರಲೇಬೇಕು: ಚಾಸಿ ನಂಬರ್, ಇಂಜಿನ್ ನಂಬರ್, ಆ ದಿನದ ಮೀಟರ್ ರೀಡಿಂಗ್, ಎಷ್ಟನೇ ಮಾಲೀಕರು, ದೊಡ್ಡ ಅಪಘಾತ ಆಗಿಲ್ಲ, ನೀರಿನಲ್ಲಿ ಮುಳುಗಿಲ್ಲ. "ಇಂಜಿನ್ ಗ್ಯಾರಂಟಿ" ಎಂದಷ್ಟೇ ಬರೆಸಬೇಡಿ, ಅದಕ್ಕೆ ಅರ್ಥವೇ ಇಲ್ಲ. "ಇಂಜಿನ್ ಮತ್ತು ಗೇರ್ ಬಾಕ್ಸ್‌ನಲ್ಲಿ ಆರು ತಿಂಗಳೊಳಗೆ ದೋಷ ಕಂಡರೆ ಬಿಡಿಭಾಗ ಮತ್ತು ಕೂಲಿ ಎರಡೂ ನಮ್ಮ ಖರ್ಚು" ಎಂದು ಬರೆಸಿ. ಕೂಲಿ ಎಂಬ ಪದ ಬಿಟ್ಟುಹೋದರೆ ರಿಪೇರಿ ಬಿಲ್ಲಿನ ದೊಡ್ಡ ಪಾಲು ನಿಮ್ಮ ತಲೆಗೇ ಬರುತ್ತದೆ.

ಬಿಲ್ಲಿನ ಕೆಳಗೆ "ಮಾರಿದ ಮಾಲು ವಾಪಸ್ ಇಲ್ಲ" ಎಂದು ಅಚ್ಚಾಗಿರುತ್ತದೆ ಅಲ್ವಾ? ಅದಕ್ಕೆ ಅಷ್ಟು ಬೆಲೆ ಕೊಡಬೇಡಿ. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದೂ ಅದೇ 2(47)ರಲ್ಲಿ ಅನುಚಿತ ವ್ಯಾಪಾರವೇ. ಆದರೆ "ಕಾರನ್ನು ಪರೀಕ್ಷಿಸಿ, ಇದ್ದ ಸ್ಥಿತಿಯಲ್ಲೇ ಒಪ್ಪಿಕೊಂಡಿದ್ದೇನೆ" ಎಂಬ ಸಾಲಿಗೆ ಸಹಿ ಹಾಕಿದರೆ ನಿಮ್ಮ ಕೈ ಸಡಿಲಾಗುತ್ತದೆ. ಆ ಸಾಲನ್ನು ಹೊಡೆದು ಹಾಕಿಸಿ, ಇಬ್ಬರೂ ಪಕ್ಕದಲ್ಲಿ ಸಹಿ ಮಾಡಿ.

6. ಹೆಸರು ಬದಲಾವಣೆ

30 ದಿನದೊಳಗೆ ಆರ್‌ಟಿಒದಲ್ಲಿ, 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಯಲ್ಲಿ. ಥರ್ಡ್ ಪಾರ್ಟಿ ವಿಮೆ ತಾನಾಗಿ ನಿಮಗೆ ಬರುತ್ತದೆ, ನಿಮ್ಮ ಕಾರಿನ ಸ್ವಂತ ಹಾನಿಯ ವಿಮೆ ಹಾಗಲ್ಲ. ನೋ ಕ್ಲೇಮ್ ಬೋನಸ್ (ವಿಮೆ ಹಣ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ) ಹಳೇ ಮಾಲೀಕರದ್ದೇ. ಎಂಎಚ್ (ಮಹಾರಾಷ್ಟ್ರ) ನಂಬರಿನ ಕಾರಾದರೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು, ಇಲ್ಲಿ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ಕೊಲ್ಹಾಪುರದಲ್ಲಿ ಅಗ್ಗಕ್ಕೆ ಸಿಕ್ಕಿತು ಎನ್ನುವವರು ಈ ಲೆಕ್ಕವನ್ನು ಆಮೇಲೆ ಮಾಡುತ್ತಾರೆ.

7. ಕಾರು ಕೆಟ್ಟಿತು, ಈಗ?

ಮೊದಲ ಮಾತು, ರಿಪೇರಿ ಮಾಡಿಸಬೇಡಿ. ಜನ ಗಡಿಬಿಡಿಯಲ್ಲಿ ಉದ್ಯಮಬಾಗದ ಯಾವುದೋ ಗ್ಯಾರೇಜಿಗೆ ಒಯ್ದು ಇಂಜಿನ್ ಬಿಚ್ಚಿಸಿ, ಹಳೇ ಪಿಸ್ಟನ್ ಗುಜರಿಗೆ ಹಾಕಿ, ಆಮೇಲೆ ದೂರು ಕೊಡಲು ಹೊರಡುತ್ತಾರೆ. ದೋಷ ಇತ್ತು ಎಂದು ಆಯೋಗಕ್ಕೆ ತೋರಿಸಲು ಆಗ ಏನೂ ಉಳಿದಿರುವುದಿಲ್ಲ. ಕಂಪನಿಯ ಸರ್ವಿಸ್ ಸೆಂಟರ್‌ಗೆ ಒಯ್ದು ಜಾಬ್ ಕಾರ್ಡ್ ಮಾಡಿಸಿ, ಏನು ಕೆಟ್ಟಿದೆ, ಯಾಕೆ, ಎಷ್ಟು ಖರ್ಚು ಎಂದು ಲಿಖಿತವಾಗಿ ತೊಗೊಳ್ಳಿ. ಕಾರಣ ಬರೆಯಲು ಅವರು ಹಿಂದೇಟು ಹಾಕುತ್ತಾರೆ, ಬಿಡದೆ ಕೇಳಿ. ಇದು ಇತ್ತೀಚಿನ ದೋಷವೋ ಹಳೆಯದೋ ಎಂಬ ಒಂದು ಸಾಲೇ ಮುಂದೆ ಕೆಲಸಕ್ಕೆ ಬರುವುದು. ಕಾರು ನಿಲ್ಲಿಸಲು ಆಗುವುದೇ ಇಲ್ಲ ಎಂದರೆ ಬಿಚ್ಚುವಾಗ ವಿಡಿಯೊ ಮಾಡಿ, ಹಳೇ ಪಾರ್ಟ್ ಮನೆಗೆ ತನ್ನಿ.

ಆಮೇಲೆ ಡೀಲರ್‌ಗೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ, 15 ದಿನ ಸಮಯ ಕೊಡಿ. ಜೊತೆಗೆ ರಾಷ್ಟ್ರೀಯ ಗ್ರಾಹಕ ಹೆಲ್ಪ್‌ಲೈನ್ 1915ಕ್ಕೆ ಫೋನ್ ಮಾಡಿ. ಅಲ್ಲಿಗೇ ಬಗೆಹರಿದರೆ ಒಳ್ಳೆಯದು, ಆದರೆ ಹೆಲ್ಪ್‌ಲೈನ್ ಆದೇಶ ಕೊಡುವ ಜಾಗ ಅಲ್ಲ.

ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 50 ಲಕ್ಷದವರೆಗಿನ ಖರೀದಿ ಅಲ್ಲೇ ಬರುತ್ತದೆ. ಐದು ಲಕ್ಷದವರೆಗೆ ಕೊಟ್ಟ ಕಾರಿಗೆ ಫೀಸೇ ಇಲ್ಲ, ಹತ್ತು ಲಕ್ಷದವರೆಗೆ 200 ರೂಪಾಯಿ. ವಕೀಲರು ಕಡ್ಡಾಯವಲ್ಲ, ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕಬಹುದು. ನಮ್ಮಂಥ ಗಡಿ ಜಿಲ್ಲೆಯವರಿಗೆ ದೊಡ್ಡ ಅನುಕೂಲ ಇನ್ನೊಂದಿದೆ: 2019ರ ಕಾಯ್ದೆ ಬಂದ ಮೇಲೆ ಕೊಂಡ ಊರಿನಲ್ಲೇ ದೂರು ಕೊಡಬೇಕಿಲ್ಲ, ನೀವು ವಾಸ ಇರುವ ಊರಿನಲ್ಲೇ ಕೊಡಬಹುದು. ಕಾರು ಕೊಲ್ಹಾಪುರದ ಡೀಲರ್‌ನದು, ನೀವು ನಿಪ್ಪಾಣಿಯವರು ಎಂದರೆ ಕೇಸು ಬೆಳಗಾವಿಯಲ್ಲೇ ಹಾಕಿ, ಅವನೇ ಗಡಿ ದಾಟಿ ಬರಲಿ. ಸಮಸ್ಯೆ ಎದ್ದ ದಿನದಿಂದ ಎರಡು ವರ್ಷ ಗಡುವು. "ಮುಂದಿನ ವಾರ ಮಾಡಿಕೊಡ್ತೀನ್ರಿ" ಎಂದು ಡೀಲರ್ ಎಳೆಯುತ್ತಾ ಹೋದರೂ ಆ ಗಡುವು ನಿಲ್ಲುವುದಿಲ್ಲ.