1541 ಡ್ರೈವ್ ಬಿಚ್ಚಿದ ಕಥೆ

ನನ್ನ ಕಮೋಡೋರ್ 64ರ (ಎಂಬತ್ತರ ದಶಕದ ಮನೆ ಕಂಪ್ಯೂಟರ್) 1541 ಫ್ಲಾಪಿ ಡ್ರೈವ್ ಒಂದು ವಾರ ತಲೆ ತಿಂತು. ಡೈರೆಕ್ಟರಿ (ಫ್ಲಾಪಿಯಲ್ಲಿರೋ ಫೈಲ್ ಪಟ್ಟಿ) ಲೋಡ್ ಮಾಡೋಕ್ ಹೋದ್ರೆ ಮೋಟಾರ್ ತಿರುಗುತ್ತೆ, ಫ್ಲಾಪಿ ಓದೋ ಹೆಡ್ ಟರ್ರ್ ಟರ್ರ್ ಅಂತ ಹೊಡ್ಕೊಳ್ಳುತ್ತೆ, ಆಮೇಲೆ ಕೆಂಪು ಲೈಟ್ ಮಿಣಮಿಣ, ಸ್ಕ್ರೀನಲ್ಲಿ ಫೈಲ್ ನಾಟ್ ಫೌಂಡ್.

ಆ ಮೆಸೇಜಿಂದ ಏನೂ ಗೊತ್ತಾಗಲ್ಲ ಬಿಡಿ. ಈ ಡ್ರೈವ್ ಒಳಗೇ ಒಂದು 6502 ಪ್ರೊಸೆಸರ್ ಇದೆ, ಅಸಲಿ ಕಾರಣ ಅದರ ಹತ್ರ ಇರುತ್ತೆ, ಚಾನೆಲ್ 15 (ಡ್ರೈವ್ ತನ್ನ ಎರರ್ ಹೇಳೋ ದಾರಿ) ಓಪನ್ ಮಾಡೋ ಪುಟ್ಟ ಬೇಸಿಕ್ ಭಾಷೆ ಪ್ರೋಗ್ರಾಂ ಬರೆದು ಕೇಳಬೇಕು. ಪವರ್ ಹಾಕಿದ ತಕ್ಷಣ ಕೇಳಿದಾಗ 73 ಬಂತು, ಅದು ಡ್ರೈವ್ ಆನ್ ಆದಾಗ ಮಾಮೂಲಾಗಿ ಕೊಡೋ ಕೋಡ್, ಸದ್ಯ ಕೇಬಲ್ಲು ಬೋರ್ಡು ಮಾತಾಡ್ತಿವೆ ಅಂತಾಯ್ತು. ಫ್ಲಾಪಿ ಹಾಕಿ ಕೇಳಿದ್ರೆ ಎರರ್ 21, ಟ್ರ್ಯಾಕ್ (ಫ್ಲಾಪಿ ಮೇಲಿನ ಡೇಟಾ ಸುತ್ತು) 18. ಡೈರೆಕ್ಟರಿ ಇರೋದೇ 18ನೇ ಟ್ರ್ಯಾಕಲ್ಲಿ, 21 ಅಂದ್ರೆ ಡೇಟಾ ಇಲ್ಲಿಂದ ಶುರು ಅಂತ ಹೇಳೋ ಸಿಂಕ್ ಮಾರ್ಕೇ ಸಿಕ್ಕಿಲ್ಲ, ಹೆಡ್ಡಿಗೆ ಏನೂ ಕೇಳಿಸ್ತಿಲ್ಲ.

1541 ಅಂದ್ರೆ ಎಲ್ರಿಗೂ ಮೊದಲು ಹೊಳೆಯೋದು ಹೆಡ್ ಟ್ರ್ಯಾಕ್ ಮೇಲೆ ಸರಿಯಾಗಿ ಕೂರೋದು, ಅಂದ್ರೆ ಅಲೈನ್‌ಮೆಂಟ್. ಇದ್ರಲ್ಲಿ ಟ್ರ್ಯಾಕ್ ಸೊನ್ನೆ ಹೇಳೋ ಸೆನ್ಸರ್ ಇಲ್ಲ, ಹೆಡ್ಡನ್ನ ಸ್ಟಾಪರ್‌ಗೆ ಡಿಕ್ಕಿ ಹೊಡೆಸಿಯೇ ಜಾಗ ಹುಡುಕುತ್ತೆ, ವರ್ಷಗಟ್ಟಲೆ ಹಂಗೆ ಆದ್ಮೇಲೆ ಜರುಗೋದು ಸಹಜ ಅಂತ ನಾನೂ ಸ್ಕ್ರೂಡ್ರೈವರ್ ಹಿಡ್ಕೊಂಡ್ ಕೂತೆ. ಪುಣ್ಯಕ್ಕೆ ಅಲೈನ್‌ಮೆಂಟ್ ಬದಲಿಸೋ ಮೋಟಾರ್ ಸ್ಕ್ರೂ ಮುಟ್ಲಿಲ್ಲ.

ಪ್ಲಗ್ ಕಿತ್ತು (ಪವರ್ ಸಪ್ಲೈ ಒಳಗೇ ಇದೆ, ಹುಷಾರು) ಕೆಳಗಿನ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ಮೇಲಿನ ತೋಳನ್ನ, ಅದೇ ಬಟ್ಟೆ ಪ್ಯಾಡ್ ಇರೋದು, ಒಂಚೂರು ಮಾತ್ರ ಎತ್ತಿ ಕೆಳಗಿನ ಹೆಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಇಯರ್‌ಬಡ್ ಉಜ್ಜಿದೆ. ಬಡ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂತು! ಇನ್ನೆರಡು ಸಲ ಉಜ್ಜಿ ಫ್ಲಾಪಿ ಹಾಕ್ದೆ, ಡೈರೆಕ್ಟರಿ ಅರ್ಧ ಬಂತು, ಮತ್ತೆ 21. ಮತ್ತೆ ಉಜ್ಜು, ಮತ್ತೆ 21. ಮೂರನೇ ಸಲಕ್ಕೆ ಬುದ್ಧಿ ಬಂತು, ಫ್ಲಾಪಿನೇ ಲೈಟಿಗೆ ಓರೆ ಹಿಡಿದು ನೋಡಿದ್ರೆ ಕಿಟಕಿ ಥರ ಇರೋ ಜಾಗದಲ್ಲಿ ಮಂಜಿನ ಹಂಗೆ ಬೂಷ್ಟು. ನಾನೇ ಒರೆಸೋದು, ನಾನೇ ಅದೇ ಫ್ಲಾಪಿ ಹಾಕಿ ಗಲೀಜು ಮಾಡೋದು, ಇದನ್ನ ಮೂರು ಸಲ ಮಾಡಿದೀನಿ ಅಂದ್ರೆ ನೋಡಿ.

ಹೆಡ್ ಇನ್ನೊಮ್ಮೆ ಒರೆಸಿ ಕ್ಲೀನಾಗಿರೋ ಬೇರೆ ಫ್ಲಾಪಿ ಹಾಕಿದೆ, ಪೂರ್ತಿ ಓದ್ತು.

ಬಿಚ್ಚಿದ್ದೀನಲ್ಲ ಅಂತ ಸ್ಪೀಡೂ ನೋಡ್ದೆ, ನಿಮಿಷಕ್ಕೆ 300 ಸುತ್ತು ಬೇಕು. ಕೆಳಗಿನ ಚಕ್ರದ ಮೇಲೆ 50, 60 ಹರ್ಟ್ಜ್‌ಗೆ ಬೇರೆಬೇರೆ ಗೆರೆ ಉಂಗುರ ಇದೆ, ಹಳೇ ಚೋಕ್ ಇರೋ ಟ್ಯೂಬ್‌ಲೈಟ್ ಕೆಳಗೆ ಗೆರೆ ನಿಂತಂಗೆ ಕಂಡ್ರೆ ಸ್ಪೀಡ್ ಸರಿ. ನಾನು ಮೊದಲು ಟೇಬಲ್ ಮೇಲಿನ ಎಲ್‌ಇಡಿ ದೀಪದಲ್ಲಿ ನೋಡಿ ಗೆರೆನೇ ಕಾಣ್ತಿಲ್ಲ ಅಂತ ಗಾಬರಿಯಾಗಿದ್ದೆ, ಆ ದೀಪ ಟ್ಯೂಬ್‌ಲೈಟ್ ಥರ ಮಿನುಗಲ್ಲ ಅಂತ ಹೊಳೆದಿದ್ದು ಆಮೇಲೆ.

ಈಗ ಯಾವ ಫ್ಲಾಪಿ ಆದ್ರೂ ಮೊದಲು ಲೈಟಿಗೆ ಹಿಡಿದು ನೋಡಿಯೇ ಒಳಗೆ ಬಿಡೋದು. ಬೂಷ್ಟು ಹಿಡಿದಿದ್ದು ಬೇರೆ ಕವರಲ್ಲಿ ಕೂತಿದೆ, ಅದರಲ್ಲಿರೋ ಗೇಮ್ ಬೇಕೇಬೇಕು, ಎಸೆಯೋಕೂ ಮನಸ್ಸು ಬರ್ತಿಲ್ಲ.