ಮೇಜಿನ ಮೇಲಿನ ತೇವಮಾಪಕವನ್ನು ನಾನು ನಂಬುವುದಿಲ್ಲ

ಚಿತ್ರದುರ್ಗದ ಬಿಸಿಲಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ ಎಂದರೆ ಮಲೆನಾಡಿನ ಗ್ರಂಥಪಾಲಕರಿಗೆ ನಗು ಬಂದೀತು. ಆದರೆ ನಾನು ನೋಡಿಕೊಳ್ಳುವ ಕಾಲೇಜು ಗ್ರಂಥಾಲಯದ ಹಿಂಬದಿಯ ಕಲ್ಲುಗೋಡೆಗೆ ಬಿಸಿಲೇ ತಾಗುವುದಿಲ್ಲ. ಮೇಜಿನ ಮೇಲಿನ ತೇವಮಾಪಕ ಶೇ 55 ತೋರಿಸುತ್ತಿದ್ದ ದಿನವೇ, ಆ ಗೋಡೆಗೆ ಆತುಕೊಂಡ ಕಪಾಟಿನ ಕೆಳಗಿನ ಅಂಕಣದಲ್ಲಿ ಶೇ 65 ದಾಟಿತ್ತು. ಬೂಷ್ಟು ಚಿಗುರುವುದು ಆ ಮಟ್ಟದಿಂದಾಚೆಗೇ.

ಅಗ್ಗದ ಮಾಪಕಗಳನ್ನು ಮೊದಲು ಉಪ್ಪಿನಿಂದ ಪರೀಕ್ಷಿಸುತ್ತೇನೆ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದಂತೆ ಕೆಲವೇ ಹನಿ ನೀರು ಬೆರೆಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿಯಿಡೀ ಇಡಬೇಕು. ಬೆಳಿಗ್ಗೆ ಅದು ಶೇ 75 ತೋರಿಸಬೇಕು. 80 ತೋರಿಸಿದರೆ, ಆ ಮಟ್ಟದ ಆಸುಪಾಸಿನ ಅಳತೆಗಳಲ್ಲಿ ಐದು ಕಳೆದು ಓದುತ್ತೇನೆ.

ನಂತರ ಅರ್ಧ ಗಂಟೆಗೊಮ್ಮೆ ತೇವ, ಉಷ್ಣಾಂಶಗಳನ್ನು ತಾನೇ ದಾಖಲಿಸುವ ಡೇಟಾ ಲಾಗರ್ ತರಿಸಿದೆವು. ನಮ್ಮ ಬಯಲುಸೀಮೆಯ ನಿಜವಾದ ತೊಂದರೆ ತೇವವಲ್ಲ, ಏರಿಳಿತ ಎಂದು ತೋರಿಸಿದ್ದು ಅದು. ಈ ಶೇಕಡಾ ಲೆಕ್ಕ, ಆ ಉಷ್ಣಾಂಶದಲ್ಲಿ ಗಾಳಿ ಹಿಡಿಯಬಲ್ಲ ನೀರಿನಲ್ಲಿ ಈಗಿರುವ ಪಾಲು; ಕಾದ ಗಾಳಿ ಹೆಚ್ಚು ನೀರು ಹಿಡಿಯಬಲ್ಲದು. ಹಾಗಾಗಿ 20 ಡಿಗ್ರಿಯಲ್ಲಿ ಶೇ 80 ಇರುವ ಗಾಳಿ, ನೀರಿನಂಶ ಒಂದಿಷ್ಟೂ ಕಡಿಮೆಯಾಗದಿದ್ದರೂ, 30 ಡಿಗ್ರಿಗೆ ಕಾದಾಗ ಶೇ 44ಕ್ಕೆ ಇಳಿಯುತ್ತದೆ. ಕಾಗದ ದಿನವೂ ಹಿಗ್ಗಿ ಕುಗ್ಗುತ್ತದೆ, ರಟ್ಟು ಸೊಟ್ಟಗಾಗುತ್ತದೆ. ಹಗಲು ಮಾತ್ರ ಓಡಿಸುತ್ತಿದ್ದ ಎ.ಸಿ. ಇದನ್ನು ಹೆಚ್ಚಿಸುತ್ತಿತ್ತು, ಲಾಗರ್ ಬರೆದ ನಕ್ಷೆಯಲ್ಲಿ ಗರಗಸದ ಹಲ್ಲುಗಳೇ ಮೂಡಿದ್ದವು. ಎ.ಸಿ. ನಿಲ್ಲಿಸಿಬಿಡೋಣ ಎಂದೆ. "ಮೇಡಂ, ಎ.ಸಿ. ಹಾಕಿಸಿದ್ದೇ ಪುಸ್ತಕಕ್ಕಾಗಿ ಅಲ್ಲವೇ?" ಎಂದರು ಪ್ರಾಂಶುಪಾಲರು. ಅತಿಥಿಗಳಿಗಾಗಿ ಎಂಬುದು ನನ್ನ ಗುಮಾನಿ. ನಕ್ಷೆ ನೋಡಿದ ಮೇಲೆ ಒಪ್ಪಿದರು.

ಕಪಾಟುಗಳನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಸರಿಸಿ, ಹಿಂದೆ ಗಾಳಿಯಾಡುವಂತೆ ಮಾಡಿದೆವು. ಏಪ್ರಿಲ್‌ನಲ್ಲಿ ಬಿಸಿಲೇರುವ ಮುನ್ನವೇ ಕಿಟಕಿ ಮುಚ್ಚುತ್ತೇವೆ. ಆಷಾಢದಲ್ಲಿ ಗಾಳಿಯ ಜೊತೆ ದೂಳೂ ನುಗ್ಗುವುದರಿಂದ ಕಿಟಕಿಗಳಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿದ್ದೇವೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಮಾತ್ರ ಫ್ಯಾನುಗಳಿಗೆ ಬಿಡುವಿಲ್ಲ. ಒಣಹವೆಗೆಂದು ಕೋಣೆಯಲ್ಲಿ ನೀರಿನ ಬಕೆಟ್ ಇಡುವ ಸಲಹೆಗೆ ನಾನು ಒಪ್ಪಿಲ್ಲ. ಅದು ಪುಸ್ತಕಕ್ಕಿಂತ ಸೊಳ್ಳೆಗೆ ಅನುಕೂಲ.

ಹಳೆಯ ಪತ್ರಿಕೆಗಳ ಸಂಪುಟಗಳಿಗೆ ಇಷ್ಟು ಸಾಲದು. ಅವುಗಳ ಕಾಗದದಲ್ಲೇ ಆಮ್ಲವಿದೆ, ಶಾಖ ಅದರ ಕೆಲಸವನ್ನು ಚುರುಕುಗೊಳಿಸುತ್ತದೆ. ಈಗ ಅವು ತಾರಸಿಯ ಕೆಳಗಿನ ಮಹಡಿಯಲ್ಲಿವೆ. ಅಲ್ಲಿಗೊಂದು ಲಾಗರ್ ಬೇಕೆಂದು ಅರ್ಜಿ ಕೊಟ್ಟಿದ್ದೇನೆ. ಬೇಸಿಗೆಯ ನಕ್ಷೆ ಕೈಗೆ ಬಂದರೆ ಅವುಗಳನ್ನು ನೆಲಮಹಡಿಗೆ ಇಳಿಸಲು ಜಾಗ ಕೇಳಬಹುದು.